ಇಲ್ಲದ ಮಕ್ಕಳ ಫೀಸು

ಸಾಮ್‌ಚೊನ್‌ಪೊ
19 ಅಕ್ಟೋಬರ್ 2003

ಮಗಳು ಮಿರಾನ್‌ಗೆ ಅವ್ವ ಬರೆಯುವುದು.

ನಾನು ಕ್ಷೇಮ ಎಂದು ಮೊದಲು ಬರೆಯಬೇಕೆಂದು ನೀನೇ ಕಲಿಸಿದ್ದೀಯೆ, ಅದಕ್ಕೇ ಬರೆದೆ. ಕ್ಷೇಮವೇನೂ ಇಲ್ಲ. ನೀನು ಫೋನ್ ಎತ್ತುತ್ತಿಲ್ಲ. ಮೊದಲಾದರೂ ಗಂಟೆ ಹೊಡೆದುಕೊಳ್ಳುತ್ತಿತ್ತು, ಈಗ ಯಾವಳೋ ಮಿಶಿನ್ನಿನ ಹೆಂಗಸು ಈ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತಾಳೆ. ‘ನನ್ನ ಮಗಳು ಎಲ್ಲವ್ವಾ?’ ಎಂದು ಅವಳನ್ನೇ ಕೇಳಿದೆ. ಪಕ್ಕದಲ್ಲಿದ್ದ ಗಿಲ್ಜೆಯ ಅವ್ವ ಬಿದ್ದುಬಿದ್ದು ನಕ್ಕಳು. ‘ಲೇ ಪಿಲ್ನಾಮ್, ಅವಳು ಡಬ್ಬದೊಳಗಿರೋಳು ಕಣೇ, ನಿನ್ ಮಗಳನ್ನ ಎಲ್ಲಿಂದ ತಂದುಕೊಡ್ತಾಳೆ?’ ಎಂದಳು. ನಕ್ಕರೆ ನಗಲಿ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬುಚೊನ್‌ನಲ್ಲಿ ಚಳಿ ಶುರುವಾಗಿರಬೇಕು. ಮಲಗುವ ಮುಂಚೆ ಗ್ಯಾಸಿನ ತಿರುಪು ಮುಚ್ಚಿದೆಯಾ ಎಂದು ಎರಡು ಸಲ ನೋಡು. ಒಂದು ಸಲ ನೋಡಿದರೆ ನೋಡಿದ ಹಾಗಲ್ಲ.

ನೀನು ಕಳಿಸಿದ ಪಾಠದ ಹಾಳೆಗಳನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ. ಓದುವ ಹಾಳೆ ಸಲೀಸು. ಹುಲಿ ಮತ್ತು ಒಣ ಪರ್ಸಿಮನ್ ಹಣ್ಣಿನ ಕತೆ ಬಂದಾಗ ಮೀನಿನ ಅಂಗಳದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಲೆಕ್ಕವೇ ಆಗುವುದಿಲ್ಲ. ಪಕ್ಕದ ಮನೆಯಿಂದ ಒಂದು ತಂದು ಕಳೆಯಬೇಕಂತೆ. ತಂದಿದ್ದನ್ನು ಯಾವಾಗ ವಾಪಸು ಕೊಡುತ್ತಾರೆ ಎಂದು ಹಾಳೆಯಲ್ಲಿ ಎಲ್ಲೂ ಬರೆದಿಲ್ಲ, ನನಗೆ ಅದೇ ಚಿಂತೆಯಾಗಿ ಲೆಕ್ಕ ತಪ್ಪುತ್ತದೆ. ನಾಲ್ಕನೆಯ ತರಗತಿಗೆ ಬಿಡಿಸಿ ಮೀನು ಸೀಳುವುದಕ್ಕೆ ಕೂರಿಸಿದ ತಲೆ ಇದು. ಟೀಚರುಗಳ ಮನೆಯವರಿಗೆ ಈ ಹಾಳೆ ಪುಕ್ಕಟೆ ಎಂದು ನೀನು ಹೇಳಿದ್ದಕ್ಕೆ ಕಲಿಯುತ್ತಿದ್ದೇನೆ, ಇಲ್ಲದಿದ್ದರೆ ಬೇಡವಾಗಿತ್ತು.

ಹೋದ ಸಲದ ಕಾಗದದಂತೆ ಇದನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸು. ಸರಿಯಿದ್ದಲ್ಲಿ ಸುತ್ತು ಹಾಕುತ್ತೀಯಲ್ಲ, ಅದನ್ನು ನೋಡುವುದಕ್ಕೆ ಚೆಂದ.

ಎರಡು ಕಟ್ಟು ಜ್ವಿಪೊ ಇಟ್ಟಿದ್ದೇನೆ. ಈ ಸಲದ ಮೀನು ದಪ್ಪ, ಚೆನ್ನಾಗಿ ಒಣಗಿದೆ. ಒಂದು ನಿನಗೆ. ಇನ್ನೊಂದು, ಬೇಗ ಓದು ಕಲಿತಳು ಎಂದು ಬರೆದಿದ್ದೆಯಲ್ಲ, ಆ ಹಾನ್‌ಬ್ಯೊಲ್ ಎಂಬ ಹುಡುಗಿಗೆ. ಸುಟ್ಟು ಕೊಡು, ಹಸಿಯಾಗಿ ತಿಂದರೆ ಹಲ್ಲು ನೋಯುತ್ತದೆ.

ಅವ್ವ


ಬುಚೊನ್
2 ನವೆಂಬರ್ 2003

ಅವ್ವಾ,

ಫೋನನ್ನು ನಾನೇ ತೆಗೆಸಿದೆ. ಬೆಳಗಾದರೆ ಕಾರ್ಡಿನವರು ಮಾಡುತ್ತಿದ್ದರು. ಇದನ್ನು ಹೇಗೆ ಬರೆಯಬೇಕೋ ಗೊತ್ತಾಗದೆ ಬಹಳ ದಿನ ಸುಮ್ಮನಿದ್ದೆ. ಬರೆದುಬಿಡುತ್ತೇನೆ.

ನನಗೆ ಸಾಲವಾಗಿದೆ. ನೀನು ಅಂದುಕೊಳ್ಳುವಷ್ಟಲ್ಲ, ಅದಕ್ಕಿಂತ ಹೆಚ್ಚು. ಬಟ್ಟೆಗಲ್ಲ, ಗಂಡಸಿಗಲ್ಲ. ಮನೆಮನೆಗೆ ಹೋಗಿ ಹಾಳೆ ಕೊಟ್ಟು ಪಾಠ ಹೇಳುತ್ತೇನಲ್ಲ, ಅದರಲ್ಲಿ ಒಂದು ಮಗು ಬಿಟ್ಟುಹೋದರೂ ಬೆಳಗಿನ ಸಭೆಯಲ್ಲಿ ಎದ್ದು ನಿಲ್ಲಿಸುತ್ತಾರೆ. ‘ಮಿರಾನ್ ಟೀಚರ್, ಮಕ್ಕಳನ್ನ ಕಳ್ಕೊಳ್ಳೋದ್ರಲ್ಲಿ ನಿಮ್ಮ ಕೈ ಯಾರೂ ಹಿಡಿಯೋ ಹಾಗಿಲ್ಲ ಬಿಡಿ’ ಎನ್ನುತ್ತಾನೆ ಮ್ಯಾನೇಜರ್. ಎಲ್ಲರೂ ನಗಬೇಕು, ನಗುತ್ತಾರೆ. ಹಾಗಾಗಿ ಬಿಟ್ಟ ಮಗುವನ್ನು ಬಿಟ್ಟಿತು ಎಂದು ನಾವು ಹೇಳುವುದೇ ಇಲ್ಲ. ಅದರ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ, ಫೀಸನ್ನು ನಾವು ಕಟ್ಟುತ್ತೇವೆ. ನಾನೊಬ್ಬಳೇ ಅಲ್ಲ, ಎಲ್ಲ ಟೀಚರುಗಳೂ. ನಮ್ಮಲ್ಲಿ ಅವನ್ನು ದೆವ್ವದ ಮಕ್ಕಳು ಎನ್ನುತ್ತೇವೆ. ನನ್ನ ಪಟ್ಟಿಯಲ್ಲಿ ಈಗ ನಿಜದ ಮಕ್ಕಳಿಗಿಂತ ಅವೇ ಹೆಚ್ಚು. ಸಂಬಳ ಸಾಲದೆ ಒಂದು ಕಾರ್ಡಿನಲ್ಲಿ ಕಟ್ಟಿದೆ, ಆ ಕಾರ್ಡಿಗೆ ಇನ್ನೊಂದರಿಂದ.

ಹಾನ್‌ಬ್ಯೊಲ್ ಹೋದ ವರ್ಷವೇ ಊರು ಬಿಟ್ಟಳು, ಅವ್ವಾ. ನೀನು ಅವಳಿಗೆಂದು ಕಳಿಸಿದ ಮೀನನ್ನು ನಾನೇ ತಿಂದೆ.

ಸಿಯೋಲ್‌ನಲ್ಲಿ ಒಂದು ಕಚೇರಿ ತೆರೆದಿದ್ದಾರೆ. ಅಲ್ಲಿ ಸಾಲದ ಸಲಹೆಗಾರರು ಇರುತ್ತಾರಂತೆ. ನಮ್ಮ ಸಾಲವನ್ನೆಲ್ಲ ಅವರ ಮುಂದೆ ಹರಡಬೇಕು. ಅವರು ಬ್ಯಾಂಕು, ಕಾರ್ಡಿನವರ ಹತ್ತಿರ ಮಾತಾಡಿ ಬಡ್ಡಿ ಇಳಿಸಿ ವರ್ಷಗಟ್ಟಲೆ ಕಟ್ಟುವ ಕಂತು ಮಾಡಿಕೊಡುತ್ತಾರೆ. ಶಾಖೆಯ ಒಬ್ಬ ಟೀಚರ್ ಹೋಗಿ ಬಂದಳು. ನನಗೂ ಹೋಗಬೇಕು ಅನ್ನಿಸುತ್ತದೆ, ಬೇಡ ಅಂತಲೂ ಅನ್ನಿಸುತ್ತದೆ. ಒಂದು ಬ್ಯಾಂಕಿನ ಸಾಲಕ್ಕೆ ಜಾಮೀನು ಸಹಿಯಾಗಿ ನಿನ್ನ ಹೆಸರಿನ ಮುದ್ರೆ ಇದೆ, ನೆನಪಿದೆಯಾ? ಎರಡು ಬೇಸಿಗೆಯ ಹಿಂದೆ ಊರಿಗೆ ಬಂದಾಗ ಒತ್ತಿಸಿಕೊಂಡೆನಲ್ಲ. ನಾನು ಅಲ್ಲಿಗೆ ಹೋದರೆ ಜಾಮೀನುದಾರಳೆಂದು ನಿನಗೂ ಕಾಗದ ಬರಬಹುದು. ಮುಂದೇನಾಗುತ್ತದೋ ನನಗೂ ಸರಿಯಾಗಿ ಗೊತ್ತಿಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೀನು ಬೇಡ ಎಂದರೆ ಹೋಗುವುದಿಲ್ಲ.

ಲೆಕ್ಕದ ಹಾಳೆಯಲ್ಲಿ ಮೂರೇ ತಪ್ಪು. ತಿದ್ದಿ ಇಟ್ಟಿದ್ದೇನೆ.

ಮಿರಾನ್


ಸಾಮ್‌ಚೊನ್‌ಪೊ
16 ನವೆಂಬರ್ 2003

ಮಿರಾನ್,

ದೆವ್ವದ ಮಕ್ಕಳು ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡ. ಆ ಮಕ್ಕಳೆಲ್ಲ ಎಲ್ಲೋ ಉಂಡುಕೊಂಡು ಬದುಕಿವೆ. ಹಾನ್‌ಬ್ಯೊಲ್‌ಗೆ ಆಯಸ್ಸು ಗಟ್ಟಿಯಾಗಲಿ ಎಂದು ನಾನು ಸಮುದ್ರದ ಕಡೆ ತಿರುಗಿ ಕೈಮುಗಿದು ಬಂದೆ. ಮೀನು ನೀನೇ ತಿಂದಿದ್ದು ಒಳ್ಳೆಯದಾಯಿತು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಒಲೆಯ ಮೇಲಿದ್ದ ಸಾರು ಸೀದುಹೋಯಿತು. ನೀನು ಊಟ ಮಾಡುತ್ತಿದ್ದೀಯಾ, ಅದನ್ನು ಬರೆದಿಲ್ಲ.

ಮಿರಾನ್, ಈಗ ಹೋಗಬೇಡ. ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು. ಮನೆಯ ಹೊಲಸನ್ನು ಯಾರೋ ಟೈ ಕಟ್ಟಿದವನ ಮುಂದೆ ಹರಡುವುದು ನನಗೆ ಒಪ್ಪಿಗೆಯಿಲ್ಲ. ಅವನು ಬರೆದುಕೊಳ್ಳುತ್ತಾನೆ. ಬರೆದುಕೊಂಡದ್ದು ಅಲ್ಲೇ ಉಳಿಯುತ್ತದೆ. ನಾಳೆ ನಿನ್ನನ್ನು ಹೆಣ್ಣು ಕೇಳಿಕೊಂಡು ಬಂದವರು ಅದನ್ನು ನೋಡಿದರೆ? ಮತ್ತೆ ಮುದ್ರೆಯ ಮಾತು. ನನಗೇನು ಬೇಕು ಎನ್ನಬಹುದು, ಆದರೆ ಈ ಎರಡು ಕೋಣೆ ನಿನ್ನ ಅಪ್ಪ ದೋಣಿಯ ಮೇಲೆ ಹೆಪ್ಪುಗಟ್ಟಿ ಸಂಪಾದಿಸಿದ್ದು. ಹೋದರೆ ಹೋಗಲಿ ಎಂದು ಬರೆಯಬೇಕೆಂದು ಕೂತೆ. ಕೈ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಪಂಚಾಂಗ ನೋಡುವ ಮುದುಕನನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ಹುಟ್ಟಿದ ವರ್ಷ ಮಾತ್ರ ಹೇಳಿದೆ. ಅವನು ಬೆರಳು ಮಡಚಿ ಹೇಳಿದ: ‘ಈ ಹುಡುಗಿ ಈಗ ಕಚೇರಿ ಬಾಗಿಲು ದಾಟಬಾರದು ಕಣಮ್ಮ. ಬರೋ ವರ್ಷ ಎರಡನೇ ತಿಂಗಳು ಎರಡು ಸಲ ಬರುತ್ತೆ. ಆ ಅಧಿಕ ಮಾಸದಲ್ಲಿ ದೇವರೂ ದೆವ್ವವೂ ಎರಡೂ ಕಣ್ಣು ಮುಚ್ಕೊಂಡಿರ್ತವೆ. ಗೋರಿ ಕದಲಿಸು, ಹೆಣದ ಬಟ್ಟೆ ಹೊಲಿಸು, ಏನ್ ಮಾಡಿದ್ರೂ ದೋಷ ಹತ್ತಲ್ಲ. ಆವಾಗ ಹೋಗಲಿ.’

ನನಗೆ ಇದು ಸರಿ ಅನ್ನಿಸಿತು. ನಾನೂ ಆ ತಿಂಗಳಲ್ಲೇ ನನ್ನ ಹೆಣಕ್ಕೆ ಉಡಿಸುವ ಸೆಣಬಿನ ಬಟ್ಟೆ ಹೊಲಿಸಬೇಕೆಂದು ದುಡ್ಡು ಕೂಡಿಡುತ್ತಿದ್ದೇನೆ, ಅಧಿಕ ಮಾಸದಲ್ಲಿ ಹೊಲಿಸಿಟ್ಟರೆ ಆಯಸ್ಸು ಹೆಚ್ಚಂತೆ. ಮಾರ್ಚ್ ಕೊನೆಯವರೆಗೆ ತಾನೇ. ಚಳಿಗಾಲ ಒಂದು ಕಳೆದರೆ ಆಯಿತು. ಅಲ್ಲಿಯವರೆಗೆ ಹೇಗಾದರೂ ತಡೆದುಕೋ.

ಚಳಿಗಾಲಕ್ಕೆ ಎಲೆಕೋಸಿನ ಕಿಮ್ಚಿ ಹುಳಿಗೆ ಹಾಕಿದೆವು. ನಿನ್ನ ಪಾಲಿನ ಡಬ್ಬ ಬಸ್ಸಿನಲ್ಲಿ ಹಾಕಿದ್ದೇನೆ, ಮುಚ್ಚಳ ಉಬ್ಬಿದ್ದರೆ ಹೆದರಬೇಡ. ಗ್ಯಾಸು ನೋಡು.

ಅವ್ವ


ಸಾಮ್‌ಚೊನ್‌ಪೊ
25 ಜನವರಿ 2004

ಮಿರಾನ್,

ನಮ್ಮ ಪಂಚಾಂಗದ ಹೊಸ ವರ್ಷಕ್ಕೆ ಬರುತ್ತೀಯೆ ಎಂದು ಸಾರಿಗೆ ಹಾಕುವ ಅಕ್ಕಿ ಬಿಲ್ಲೆ ಜಾಸ್ತಿ ಕತ್ತರಿಸಿಟ್ಟಿದ್ದೆ. ಅಪ್ಪನ ಎಡೆಗೆ ನಾನೊಬ್ಬಳೇ ಅಡ್ಡಬಿದ್ದೆ. ಸಾರನ್ನು ಮೂರು ಹೊತ್ತು ಕುಡಿದೆ, ಆಮೇಲೆ ಗಿಲ್ಜೆಯ ಮನೆಗೆ ಕೊಟ್ಟೆ.

ನನ್ನ ಡಿಸೆಂಬರಿನ ಕಾಗದ ನಿನ್ನಿಂದ ವಾಪಸು ಬಂದಿದೆ. ಅದರಲ್ಲಿ ಒಂದೂ ಕೆಂಪು ಗುರುತಿಲ್ಲ. ನಾನು ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಬೇರೇನೂ ಬರೆಯದೆ ಬರೀ ಅದನ್ನೇ ಮಡಚಿ ಕಳಿಸಿದ್ದೀಯೆ. ದೀಪದ ಹತ್ತಿರ ಹಿಡಿದು ನೋಡಿದೆ, ಹಿಂದುಮುಂದು ನೋಡಿದೆ.

ಮೊನ್ನೆ ಒಬ್ಬ ಮೀನಿನ ಅಂಗಳಕ್ಕೆ ಬಂದ. ತೆಳ್ಳನೆಯ ಬೂಟು ಹಾಕಿದ ಹುಡುಗ, ಮೀನಿನ ಕರುಳಿನ ಮೇಲೆ ಕಾಲಿಟ್ಟು ಜಾರಿ ನನ್ನ ಮುಂದೆಯೇ ಕೂತುಬಿಟ್ಟ.

‘ಪಿಲ್ನಾಮ್ ಅನ್ನೋರು ಯಾರು?’ ಎಂದ, ಕೂತಲ್ಲಿಂದಲೇ.

‘ಏನು, ಹೆಣ್ಣು ಕೇಳೋಕೆ ಬಂದ್ಯಾ? ಅವಳು ವಿಧವೆ, ಐವತ್ತೇಳು ವರ್ಷ, ಲೆಕ್ಕ ಬರಲ್ಲ’ ಎಂದಳು ಗಿಲ್ಜೆಯ ಅವ್ವ. ಅಂಗಳವೆಲ್ಲ ನಕ್ಕಿತು.

ಅವನು ಬ್ಯಾಂಕಿನ ಹೆಸರು ಹೇಳಿದ ಮೇಲೆ ಯಾರೂ ನಗಲಿಲ್ಲ. ಗಿಲ್ಜೆಯ ಅವ್ವ ಮಾತ್ರ ಬಿಡಲಿಲ್ಲ. ‘ಸಾಲ ಕೇಳೋಕೆ ಬಂದೋನೆ, ಇಗೋ ಕತ್ತಿ. ಸಂಜೆ ತನಕ ಮೀನು ಸೀಳು, ಬಡ್ಡಿಗೆ ಮುರ್ಕೊ’ ಎಂದು ಕತ್ತಿಯನ್ನು ಅವನ ಮುಂದೆ ಇಟ್ಟಳು.

ಪಾಪ, ಅವನು ಕೆಟ್ಟವನಲ್ಲ. ನನ್ನನ್ನು ಬಲೆ ಒಣಹಾಕುವ ಕಡೆಗೆ ಕರೆದು ಮೆಲ್ಲಗೆ ಹೇಳಿದ: ‘ಅಮ್ಮಾ, ನಾನು ಬ್ಯಾಂಕಿನೋನು, ಬಾಯಲ್ಲಿ ಕೇಳಿ ಹೋಗ್ತೀನಿ. ನಿಮ್ಮ ಮಗಳು ಈಗ ದೀಪದ ಕಂಬಕ್ಕೆ ಅಂಟಿಸಿರ್ತಾರಲ್ಲ, ಆ ನಂಬರಿನೋರ ಹತ್ರ ಸಾಲ ಎತ್ತಿದ್ದಾಳೆ ಅಂತ ಕೇಳಿದೆ. ಅವರು ಬಾಯಲ್ಲಿ ಕೇಳೋ ಜನ ಅಲ್ಲ.’

ಮಿರಾನ್, ಕಂತು ತಡೆಯಲಾರದೆ ಎತ್ತಿದೆಯಾ? ಚಳಿಗಾಲ ಕಳೆಯುವುದಕ್ಕೆ ಎತ್ತಿದೆಯಾ?

ಅಧಿಕ ಮಾಸಕ್ಕೆ ಕಾಯಬೇಡ. ಈ ಕಾಗದ ಸಿಕ್ಕಿದ ದಿನವೇ ಆ ಸಲಹೆಯವರ ಹತ್ತಿರ ಹೋಗು. ಮುದುಕ ಹೇಳಿದ್ದನ್ನು ಬಿಡು. ಮುದ್ರೆಯ ವಿಷಯ ಬಿಡು, ಮನೆಯ ವಿಷಯ ಬಿಡು. ಟೈ ಕಟ್ಟಿದವನು ಏನು ಬರೆದುಕೊಂಡರೂ ಬರೆದುಕೊಳ್ಳಲಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹೋಗು.

ಅವ್ವ


ಸಾಮ್‌ಚೊನ್‌ಪೊ
22 ಫೆಬ್ರವರಿ 2004

ಮಿರಾನ್,

ಹೊಸ ವರ್ಷದ ಕಾಗದ ವಾಪಸು ಬಂತು. ಈ ಸಲ ನೀನು ಕಳಿಸಿದ್ದಲ್ಲ, ಅಂಚೆಯವರು. ಈ ವಿಳಾಸದಲ್ಲಿ ಇಲ್ಲ ಎಂದು ಮೇಲೆ ನೀಲಿ ಮುದ್ರೆ ಒತ್ತಿದ್ದಾರೆ. ಹೋಗು ಎಂದು ಬರೆದದ್ದು ಒಡೆಯದೇ ಬಂದಿದೆ. ಹಾಗಾದರೆ ನಿನ್ನ ಹತ್ತಿರ ಇರುವ ನನ್ನ ಕೊನೆಯ ಮಾತು, ತಡೆದುಕೋ ಎಂಬುದೇ.

ನಿನ್ನ ಶಾಖೆಗೆ ಹಾಕೋಣವೆಂದರೆ ಆ ಮ್ಯಾನೇಜರ್ ಒಡೆದು ಓದಿದರೆ ಎಂಬ ಭಯ. ಈ ಕಾಗದವನ್ನು ಎಲ್ಲಿಗೆ ಹಾಕಲಿ? ಆದರೂ ಬರೆಯುತ್ತಿದ್ದೇನೆ.

ನಾನು ಬೂಸಾನ್‌ಗೆ ಹೋಗಿಬಂದೆ. ಅಲ್ಲಿಯೂ ಆ ಸಾಲದ ಸಲಹೆಯ ಕಚೇರಿಯದೇ ಒಂದು ಕಿಟಕಿ ಇದೆ ಎಂದು ಗಿಲ್ಜೆ ಹೇಳಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಬಾಯಿಪಾಠ ಮಾಡಿದೆ. ಅಲ್ಲಿದ್ದವನು ಟೈ ಕಟ್ಟಿರಲಿಲ್ಲ, ಸ್ವೆಟರ್ ಹಾಕಿದ್ದ, ಮೊಣಕೈ ಹತ್ತಿರ ಎಳೆ ಬಿಟ್ಟಿತ್ತು. ಬಾರ್ಲಿ ನೀರು ತಂದುಕೊಟ್ಟ. ಮಗಳ ಪರವಾಗಿ ನಾನು ಸಾಲ ಹರಡುತ್ತೇನೆ, ಬರೆದುಕೊಳ್ಳಿ ಎಂದೆ.

‘ಆಗಲ್ಲ ಅಮ್ಮಾ. ಅವರೇ ಬರಬೇಕು.’

‘ಯಾವ ತಿಂಗಳಲ್ಲಿ ಬಂದ್ರೆ ಒಳ್ಳೇದು?’ ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು.

ಅವನು ನಗಲಿಲ್ಲ. ‘ಸಾಲಕ್ಕೆ ಒಳ್ಳೇ ತಿಂಗಳು ಅಂತ ಇರಲ್ಲ. ಬಂದಿದ್ದೇ ತಿಂಗಳು’ ಎಂದ.

ಹಿಂದಿರುಗುವಾಗ ಪಂಚಾಂಗದ ಮುದುಕ ಬಸ್ ಸ್ಟ್ಯಾಂಡಿನಲ್ಲಿ ಗೆಣಸು ಸುಲಿದು ತಿನ್ನುತ್ತಿದ್ದ. ಅವನನ್ನು ಬಯ್ಯಬೇಕೆಂದು ಎದುರಿಗೆ ಹೋಗಿ ನಿಂತೆ. ‘ಬಾರಮ್ಮ, ಚಳಿ, ಒಂದು ತಗೋ’ ಎಂದು ಗೆಣಸು ಮುಂದೆ ಹಿಡಿದ. ಕೈ ಕಾಯಿಸಿಕೊಂಡು ಬಂದೆ. ಬಯ್ಯುವುದೇನು, ಅವನನ್ನು ಕೇಳಲು ಹೋದವಳು ನಾನೇ ತಾನೇ.

ಬೆಚ್ಚಗೆ ಮಲಗುತ್ತಿದ್ದೀಯಾ? ಎಲ್ಲಿ ಮಲಗುತ್ತೀಯೆ?

ಅವ್ವ


ಇಂಚೊನ್
4 ಏಪ್ರಿಲ್ 2004

ಅವ್ವಾ,

ಇಷ್ಟು ದಿನ ವಿಳಾಸವಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಬುಚೊನ್‌ನ ಕೋಣೆಗೆ ಆ ಜನ ಬರತೊಡಗಿದರು. ಮುಂಗಡದ ದುಡ್ಡನ್ನು ಮನೆಯೊಡತಿಯಿಂದ ಬಿಡಿಸಿ ಅವರಿಗೇ ಕೊಟ್ಟೆ. ಒಂದಷ್ಟು ದಿನ ರಾತ್ರಿಯೆಲ್ಲ ತೆರೆದಿರುವ ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆಯಲ್ಲಿ ಮಲಗಿದೆ, ಅಲ್ಲಿ ನೆಲ ಬೆಚ್ಚಗಿರುತ್ತದೆ, ನೀನು ಚಿಂತೆ ಮಾಡುವಂಥದ್ದಿಲ್ಲ. ಈಗ ಒಂದು ಸಣ್ಣ ಗೂಡು ಸಿಕ್ಕಿದೆ. ಕೆಲಸ ಉಳಿದಿದೆ, ದೂರದ ಪ್ರದೇಶಕ್ಕೆ ಹಾಕಿದ್ದಾರೆ.

ನೀನು ಹೇಳಿದ ಹಾಗೆ ಅಧಿಕ ಮಾಸದಲ್ಲೇ ಹೋದೆ. ಮೊದಲ ವಾರದಲ್ಲೇ.

ಸಲಹೆಗಾರ್ತಿ ನಿನ್ನ ವಯಸ್ಸಿನವಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಬಾಗಿಲಲ್ಲಿ ಎರಡು ಸಲ ತಿರುಗಿ ಹೋಗಿದ್ದೆ, ಅದನ್ನು ಒಳಗಿಂದ ನೋಡಿದ್ದಳು ಅನ್ನಿಸುತ್ತದೆ. ನಾನು ಕೂತ ಕೂಡಲೇ ‘ಊಟ ಆಯ್ತಾ?’ ಎಂದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಎದ್ದು ಹೋಗಿ ಯಾರದೋ ಮೇಜಿನಿಂದ ಅಕ್ಕಿ ರೊಟ್ಟಿ ತಂದಿಟ್ಟಳು. ‘ತಿನ್ನಿ. ಸಾಲ ಎಲ್ಲೂ ಓಡಿಹೋಗಲ್ಲ’ ಎಂದಳು.

ಎಲ್ಲವನ್ನೂ ಹರಡಿದೆ. ‘ಈ ಫೀಸುಗಳು ಯಾವ ಮಕ್ಕಳದು? ನಿಮ್ಮವೇ?’ ಎಂದಳು. ಇಲ್ಲದ ಮಕ್ಕಳದು ಎಂದೆ. ಕನ್ನಡಕ ತೆಗೆದು ಆ ಸಾಲುಗಳ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು: ‘ಇದು ನಿಂತರೆ ಮಾತ್ರ ಕಂತು ನಡೆಯುತ್ತೆ. ಒಂದು ಹೆಸರೂ ಇರಬಾರದು. ತೂತು ಕೊಡಕ್ಕೆ ನೀರು ಹುಯ್ಯೋ ಕೆಲಸ ನನಗೆ ಕೊಡಬೇಡಿ.’

ಎಂಟು ವರ್ಷದ ಕಂತು ಮಾಡಿಕೊಟ್ಟಿದ್ದಾರೆ. ತಪ್ಪದೆ ಕಟ್ಟಿದರೆ ನಿನ್ನ ಮುದ್ರೆಯ ತನಕ ಯಾರೂ ಬರುವುದಿಲ್ಲ, ಮನೆ ನಿನ್ನದೇ. ಇದನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಕಂಬದ ನಂಬರಿನವರ ಸಾಲ ಮಾತ್ರ ಇದರಲ್ಲಿ ಸೇರುವುದಿಲ್ಲ, ಅವರು ಯಾರ ಮೇಜಿಗೂ ಬರುವವರಲ್ಲ. ‘ಇದನ್ನ ಯಾವಾಗ ಎತ್ತಿದ್ರಿ?’ ಎಂದು ಕೇಳಿದಳು. ಚಳಿಗಾಲದಲ್ಲಿ ಎಂದೆ. ‘ಶರತ್ಕಾಲದಲ್ಲೇ ಬಂದಿದ್ರೆ...’ ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅದಿರಲಿ. ಮಕ್ಕಳ ಹೆಸರುಗಳನ್ನು ಒಂದೊಂದಾಗಿ ತೆಗೆಸಿದೆ. ಹಾನ್‌ಬ್ಯೊಲ್ ಹೋದಳು, ಅವಳಿ ಹುಡುಗರು ಹೋದರು, ಎಲ್ಲರೂ ಹೋದರು. ಮ್ಯಾನೇಜರ್ ಮೇಜು ಗುದ್ದಿದ. ನಾನು ಎದ್ದು ನಿಂತೇ ಇದ್ದೆ, ಈ ಸಲ ಯಾರೂ ನಗಲಿಲ್ಲ.

ಒಂದು ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ. ಸಲಹೆಗಾರ್ತಿಗೆ ಹೇಳಿಲ್ಲ. ಪಿಲ್ನಾಮ್, ಏಳು ವರ್ಷ, ಪೋಷಕರು ಮಿರಾನ್. ಟೀಚರುಗಳ ಮನೆಯವರಿಗೆ ಹಾಳೆ ಪುಕ್ಕಟೆ ಎಂಬುದು ಸುಳ್ಳು, ಅವ್ವಾ. ಅದನ್ನು ನಿಲ್ಲಿಸು ಎಂದು ಮಾತ್ರ ಹೇಳಬೇಡ. ಮಧ್ಯಾಹ್ನ ಊಟದ ಜೊತೆ ಸಾರು ಕೊಳ್ಳದಿದ್ದರೆ ಸರಿಹೋಗುತ್ತದೆ. ನನ್ನ ಪಟ್ಟಿಯಲ್ಲಿ ಬರೆದು ಬರೆದು ಹಾಳೆ ಹರಿಯುವ ಹಾಗೆ ಕಲಿಯುವ ಮಗು ಅದೊಂದೇ.

ಹೊಸ ವಿಳಾಸ ಹಿಂದೆ ಇದೆ. ಲೆಕ್ಕದ ಹಾಳೆ ಕಳಿಸು.

ಮಿರಾನ್


ಸಾಮ್‌ಚೊನ್‌ಪೊ
2 ಮೇ 2004

ಮಗಳು ಮಿರಾನ್‌ಗೆ ಅವ್ವ ಬರೆಯುವುದು.

ನಾನು ಕ್ಷೇಮ. ಈ ಸಲ ನಿಜವಾಗಿಯೂ ಕ್ಷೇಮ. ನಿನ್ನ ಕಾಗದ ಬಂದ ದಿನ ಅಂಗಳದಲ್ಲಿ ಎಲ್ಲರಿಗೂ ಒಂದೊಂದು ಲೋಟ ಅಕ್ಕಿ ಹೆಂಡ ಕೊಡಿಸಿದೆ. ‘ಏನೇ ಪಿಲ್ನಾಮ್, ಆ ಬೂಟಿನ ಹುಡುಗ ನಿಜವಾಗ್ಲೂ ಹೆಣ್ಣು ಕೇಳೋಕೆ ಬಂದ್ನಾ?’ ಎಂದಳು ಗಿಲ್ಜೆಯ ಅವ್ವ. ಹೂಂ ಎಂದೆ.

ಸ್ನಾನದ ಮನೆಯಲ್ಲಿ ಮಲಗಿದೆ ಎಂದು ಬರೆದಿದ್ದೀಯೆ. ನೆಲ ಬೆಚ್ಚಗಿತ್ತು ಎಂದು ಬರೆದಿದ್ದೀಯೆ. ನಾನು ಅದರ ಬಗ್ಗೆ ಏನೂ ಬರೆಯುವುದಿಲ್ಲ. ಬರೆಯಲು ಹೋದರೆ ಹಾಳೆ ಒದ್ದೆಯಾಗುತ್ತದೆ, ಶಾಯಿ ಹರಡುತ್ತದೆ.

ಅಧಿಕ ಮಾಸ ಕಳೆದುಹೋಯಿತು. ಸೆಣಬಿನ ಬಟ್ಟೆ ಹೊಲಿಸಲಿಲ್ಲ. ಅಂಗಡಿಯವಳು ಅಳತೆ ತೆಗೆದುಕೊಳ್ಳಲು ದಾರ ಹಿಡಿದು ನಿಂತಿದ್ದಳು, ಇನ್ನೂ ಸಾಯುವುದಕ್ಕೆ ಪುರುಸೊತ್ತಿಲ್ಲ ಎಂದು ಹೇಳಿ ಎದ್ದುಬಂದೆ. ಆ ದುಡ್ಡನ್ನು ಅಂಚೆಯಲ್ಲಿ ನಿನ್ನ ಹೆಸರಿಗೆ ಹಾಕಿದ್ದೇನೆ. ಕಂಬದ ಜನರಿಗೆ ಕೊಡು. ತೀರುವುದಿಲ್ಲವೆಂದು ಗೊತ್ತು. ಕೊಡಲು ಒಬ್ಬಳೇ ಹೋಗಬೇಡ, ಹಗಲಲ್ಲಿ ಹೋಗು, ಕೊಟ್ಟದ್ದಕ್ಕೆ ಚೀಟಿ ಬರೆಸಿಕೋ. ಆ ಕನ್ನಡಕದ ಹೆಂಗಸನ್ನು ಕೇಳಿಕೊಂಡೇ ಹೋಗು. ಮುದುಕನನ್ನು ಕೇಳಿದ್ದಕ್ಕಿಂತ ಮೊದಲೇ ಅವಳನ್ನು ಕೇಳಬೇಕಾಗಿತ್ತು. ಅವಳಿಗಾಗಿ ಒಂದು ಕಟ್ಟು ಜ್ವಿಪೊ ಇಟ್ಟಿದ್ದೇನೆ. ಅಕ್ಕಿ ರೊಟ್ಟಿಗೆ ಬದಲು ಎಂದು ಹೇಳು.

ಮಧ್ಯಾಹ್ನ ಸಾರು ಕುಡಿ.

ಹಾಳೆಗಳ ಕಟ್ಟಿನಲ್ಲಿ ಕೊನೆಗೆ ಒಂದು ತೆಳು ಕಾಗದ ಇರುತ್ತದಲ್ಲ, ಮಗು ಪಾಠ ಬಿಡುವುದಾದರೆ ಮನೆಯವರು ತುಂಬಿಸಿ ಕೊಡುವಂಥದ್ದು. ಇಷ್ಟು ದಿನ ಅದರಲ್ಲಿ ಮೀನಿನ ಮುಳ್ಳು ಸುತ್ತಿ ಎಸೆಯುತ್ತಿದ್ದೆ. ಈ ಸಲ ತುಂಬಿಸಿದ್ದೇನೆ. ನಾನೇ ಓದಿ ನಾನೇ ಬರೆದೆ, ಯಾರನ್ನೂ ಕೇಳಲಿಲ್ಲ. ಮಗುವಿನ ಹೆಸರು ಪಿಲ್ನಾಮ್. ವಯಸ್ಸು ಏಳು. ಬಿಡುವ ಕಾರಣ ಎಂಬಲ್ಲಿ, ಊರು ಬಿಟ್ಟಿದ್ದೇವೆ, ಕಾಯಿಲೆ, ಹಣದ ಅಡಚಣೆ ಎಂದು ಚೌಕಗಳಿವೆ. ಒಂದಕ್ಕೂ ಗುರುತು ಹಾಕಲಿಲ್ಲ. ಕೆಳಗೆ ಖಾಲಿ ಗೆರೆ ಇತ್ತು. ಅದರ ಮೇಲೆ ಬರೆದೆ: ಎಲ್ಲಾ ಕಲಿತಳು.

ನೀನು ಇದನ್ನು ಹರಿದು ಹಾಕುತ್ತೀಯೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಇನ್ನೊಂದು ಕಾಗದದ ಮೇಲೂ ಹೀಗೇ ತುಂಬಿಸಿ ನಿನ್ನೆಯೇ ನೆಟ್ಟಗೆ ನಿನ್ನ ಕಂಪನಿಗೆ ಅಂಚೆಗೆ ಹಾಕಿಬಿಟ್ಟೆ. ಪೋಷಕರ ಮುದ್ರೆ ಎಂಬಲ್ಲಿ ನನ್ನದನ್ನೇ ಒತ್ತಿದೆ. ಈ ಸಲ ಯಾತಕ್ಕೆ ಒತ್ತುತ್ತಿದ್ದೇನೆ ಎಂದು ಓದಿಕೊಂಡು ಒತ್ತಿದೆ.

ಪಕ್ಕದ ಮನೆಯಿಂದ ಒಂದು ತರುವ ಲೆಕ್ಕದ ಹಾಳೆ ಅರ್ಧಕ್ಕೇ ನಿಂತಿದೆ. ಅದನ್ನು ಕಳಿಸುವುದಿಲ್ಲ, ನನ್ನ ಹತ್ತಿರವೇ ಇರಲಿ.

ಈ ಕಾಗದವನ್ನೂ ತಿದ್ದಿ ಕಳಿಸಬೇಡ, ಅಂಚೆಯ ಚೀಟಿ ದಂಡ. ತಪ್ಪಿದ್ದರೆ ಇರಲಿ. ಓದಿದರೆ ಗೊತ್ತಾಗುತ್ತದಲ್ಲ.

ಗ್ಯಾಸು ನೋಡು. ಒಂದು ಸಲ ನೋಡಿದರೂ ಸಾಕು.

ಅವ್ವ